ಲಾವೋಸಿನಲ್ಲಿ ನನ್ನ ಎರಡು ಕಾಲುಗಳು

ಥಾಖೆಕ್

ನನ್ನ ಗಾಡಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ತಾವೇ ಹತ್ತಿ ಒಂದು ಸಲ ಬಿದ್ದೆದ್ದ ಮೇಲೆ ನಂಬುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಇಂಜಿನ್ ಓಡಿಸುತ್ತಿದ್ದ ನಮ್ಮಪ್ಪ ಕೊಂಡ ಹಳೆಯ ಬುಲೆಟ್ ಅದು. ಅದರ ಮೇಲೆಯೇ ಕಲಿತೆ, ಅದರ ಮೇಲೆಯೇ ನೌಕರಿ ಮಾಡಿದೆ. ನಾನು ಪಶುವೈದ್ಯೆ. ಲಸಿಕೆಯ ಡಬ್ಬಿಯನ್ನು ಹಿಂದೆ ಕಟ್ಟಿಕೊಂಡು ಚಿತ್ತಾಪುರದಿಂದ ದಂಡೋತಿಗೆ ಹೊರಟರೆ, ಕಾಗಿಣಾ ಹೊಳೆಯ ಸೇತುವೆಯ ಮೇಲೆ ಗಾಡಿಯ ಸದ್ದು ಕೇಳಿಯೇ ಊರಿನವರು ಎಮ್ಮೆಗಳ ಹಗ್ಗ ಹಿಡಿದು ನಿಂತುಕೊಳ್ಳುತ್ತಾರೆ. ಬೇರೆ ಗಾಡಿಯನ್ನು ನಾನು ಮುಟ್ಟಿದವಳಲ್ಲ. ಮುಟ್ಟುವ ಪ್ರಸಂಗವೂ ಬಂದಿರಲಿಲ್ಲ.

ಆ ಪ್ರಸಂಗ ಲಾವೋಸ್ ದೇಶದಲ್ಲಿ ಬಂತು.

ಹೋದದ್ದು ನಮ್ಮವರ ಸಲುವಾಗಿ. ನಮ್ಮವರು ಎಂದರೆ ನನ್ನ ಗಂಡ, ಭೀಮಣ್ಣ. ಬರೆಯುವಾಗ ಹೆಸರು ಬರೆದೇನು, ಬಾಯಲ್ಲಿ ಹೇಳಲು ಇಷ್ಟು ವರ್ಷವಾದರೂ ನಾಲಿಗೆ ಏಳುವುದಿಲ್ಲ. ಸೇಡಂ ಹತ್ತಿರದ ಒಂದು ಸುಣ್ಣದಕಲ್ಲಿನ ಗಣಿಯಲ್ಲಿ ಅವರು ಸರ್ವೇಯರ್ ಆಗಿದ್ದರು. ಕೆಲವು ವರ್ಷಗಳಿಂದ ಅವರ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತಿದೆ. ನೇರ ಎದುರಿಗೆ ಇದ್ದದ್ದು ಚೆನ್ನಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ, ಹೊತ್ತು ಮುಳುಗಿದರೆ ಏನೂ ಕಾಣುವುದಿಲ್ಲ. ಎದುರಿನ ಆ ಇಷ್ಟಗಲವೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಇದಕ್ಕೆ ಮದ್ದಿಲ್ಲವೆಂದು ಕಲಬುರಗಿಯ ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. "ಏನರೆ ನೋಡಬೇಕು ಅಂತ ಮನಸ್ಸಿದ್ರ ಈಗೇ ನೋಡಿ ಬರ್ರಿ" ಎಂದರು.

ನಮ್ಮವರು ತಾಜಮಹಲು ಎನ್ನಬಹುದಿತ್ತು, ಸಮುದ್ರ ಎನ್ನಬಹುದಿತ್ತು. ರೊಟ್ಟಿ ಮುರಿಯುತ್ತ, "ಲಾವೋಸ್ ಅಂತ ಒಂದು ದೇಶ ಅದ. ಅಲ್ಲಿ ಸುಣ್ಣದಕಲ್ಲಿನ ಗುಡ್ಡದ ಹೊಟ್ಟ್ಯಾಗ ಈ ಕಡಿಂದ ಆ ಕಡಿಗೆ ಒಂದು ಹೊಳಿ ಹರೀತದಂತ. ಅದನ್ನ ನೋಡಬೇಕು" ಎಂದರು. ನಾನೂ "ನಡೀರಿ" ಎಂದುಬಿಟ್ಟೆ. ಅಲ್ಲಿಗೆ ಹೋಗುವ ಬೆಟ್ಟದ ದಾರಿಯನ್ನು ಎಲ್ಲರೂ ಬಾಡಿಗೆಯ ಮೋಟರ್ ಸೈಕಲ್ಲಿನಲ್ಲೇ ಸುತ್ತುತ್ತಾರೆ, ನಮ್ಮಿಬ್ಬರಲ್ಲಿ ಗಾಡಿ ಹೊಡೆಯುವವಳು ನಾನೊಬ್ಬಳೇ ಎಂಬುದು ಆಮೇಲೆ ಹೊಳೆಯಿತು.

ಥಾಖೆಕ್ ಎಂಬುದು ಮೆಕಾಂಗ್ ನದಿಯ ದಂಡೆಯ ಊರು. ಅಲ್ಲಿ ಗಾಡಿ ಬಾಡಿಗೆಗೆ ಕೊಡುವ ಹೆಂಗಸು ನನ್ನೆದುರು ಒಂದು ಸಣ್ಣ ಕೆಂಪು ಗಾಡಿ ತಂದು ನಿಲ್ಲಿಸಿದಳು. ನಾನು ಎಡಗೈಯಿಂದ ಕ್ಲಚ್ ಹಿಡಿಯಲು ಹೋದೆ. ಕೈಗೆ ಗಾಳಿ ಸಿಕ್ಕಿತು. ಆ ಗಾಡಿಗೆ ಕ್ಲಚ್ಚಿನ ಹಿಡಿಕೆಯೇ ಇಲ್ಲ! ಗೇರು ಎಡಗಾಲಿನ ಕೆಳಗೆ: ಮುಂಗಾಲಿನಿಂದ ಒತ್ತಿದರೆ ಮೇಲಿನ ಗೇರು, ಹಿಮ್ಮಡಿಯಿಂದ ಒತ್ತಿದರೆ ಕೆಳಗಿನ ಗೇರು. ಬ್ರೇಕು ಬಲಗಾಲಿಗೆ. ಅದೂ ಸಾಲದೆಂಬಂತೆ ಆ ದೇಶದಲ್ಲಿ ರಸ್ತೆಯ ಬಲಗಡೆ ಹೋಗಬೇಕು. ಅವಳು ಕೈಸನ್ನೆಯಲ್ಲೇ ಎಲ್ಲ ತೋರಿಸಿ, "ಮೆಲ್ಲಗೆ, ಮೆಲ್ಲಗೆ" ಎಂಬಂತೆ ಅಂಗೈಯನ್ನು ಗಾಳಿಯಲ್ಲಿ ಸವರಿದಳು. ನನ್ನ ಮುಖ ನೋಡಿ ಅವಳಿಗೆ ತನ್ನ ಗಾಡಿಯ ಚಿಂತೆ ಹತ್ತಿರಬೇಕು.

ಮೊದಲ ಚೌಕದಲ್ಲೇ ಎಡವಟ್ಟಾಯಿತು. ನಿಲ್ಲಿಸಬೇಕೆಂದು ವಾಡಿಕೆಯಂತೆ ಎಡಗಾಲು ಒತ್ತಿದೆ. ಅದು ಬ್ರೇಕಲ್ಲ, ಗೇರು. ಈ ಗಾಡಿಗಳಲ್ಲಿ ಗೇರಿನ ಪೆಡಲನ್ನು ಒತ್ತಿ ಹಿಡಿದಷ್ಟು ಹೊತ್ತು ಇಂಜಿನ್ನಿಗೂ ಗಾಲಿಗೂ ಸಂಬಂಧ ಕಡಿದುಹೋಗುತ್ತದೆ. ಗಾಡಿ ನಿಲ್ಲುವ ಬದಲು ಎಣ್ಣೆ ಹಚ್ಚಿದಂತೆ ಜಾರಿತು. ಗಾಬರಿಯಾಗಿ ಕಾಲೆತ್ತಿದೆ, ಜಿಗಿಯಿತು. ಕೊನೆಗೆ ಮುಂದಿನ ಬ್ರೇಕು ಹಿಡಿದು ಚೌಕದ ನಟ್ಟನಡುವೆ ಬೆಪ್ಪಾಗಿ ನಿಂತೆ. ನಾಲ್ಕೂ ಕಡೆ ಗಾಡಿಗಳು ನಿಂತವು. ಒಬ್ಬರಾದರೂ ಹಾರ್ನ್ ಹೊಡೆಯಲಿಲ್ಲ! ಹಿಂದಿದ್ದ ಲಾರಿಯವನು ಸ್ಟೇರಿಂಗ್ ಮೇಲೆ ಗದ್ದ ಇಟ್ಟುಕೊಂಡು, ನಾನು ಕಲಿಯುವವರೆಗೂ ಕಾಯುತ್ತೇನೆ ಎಂಬಂತೆ ಕೂತಿದ್ದ. ಇದೇ ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಾಗಿದ್ದರೆ ನನ್ನ ಏಳು ತಲೆಮಾರನ್ನು ಎತ್ತಿ ಆಡುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಕಲ್ಲು ಎದ್ದು ನಿಂತ ರಸ್ತೆ

ಊರು ಬಿಟ್ಟು ಸ್ವಲ್ಪ ಹೊತ್ತಿಗೆ ನಾನೇ ಗಾಡಿ ನಿಲ್ಲಿಸಿದೆ. ಈ ಸಲ ಸರಿಯಾದ ಕಾಲಿನಿಂದ. ಮುಂದೆ ಹೋಗುವ ಮನಸ್ಸಾಗಲಿಲ್ಲ.

ನಮ್ಮ ಕಡೆಯವರು ಸುಣ್ಣದಕಲ್ಲನ್ನು ತುಳಿದುಕೊಂಡೇ ಬೆಳೆದವರು. ಮನೆಯ ನೆಲ ಶಹಾಬಾದ್ ಕಲ್ಲು, ಅಡುಗೆಕಟ್ಟೆ ಶಹಾಬಾದ್ ಕಲ್ಲು, ಬಚ್ಚಲೂ ಅದೇ. ಹೊಲದಲ್ಲಿ ಮೊಳ ಅಗೆದರೆ ಚಪ್ಪಡಿ ಸಿಗುತ್ತದೆ. ಸೇಡಂ, ವಾಡಿ, ಚಿತ್ತಾಪುರ ಎಲ್ಲಿ ಹೋದರೂ ಕಲ್ಲು ಎಂದರೆ ಕಾಲ ಕೆಳಗಿನದು. ಇಲ್ಲಿ ಅದೇ ಬೂದುಬಣ್ಣದ ಕಲ್ಲು ಬಯಲಿನಿಂದ ನೆಟ್ಟಗೆ ಎದ್ದು ಮೋಡಕ್ಕೆ ತಲೆ ಕೊಟ್ಟು ನಿಂತಿತ್ತು. ಒಂದಲ್ಲ, ಹತ್ತಲ್ಲ, ಕಣ್ಣು ಹಾಯುವವರೆಗೂ ಗೋಡೆಗಳು, ಕೋಡುಗಳು. ಬುಡದಲ್ಲಿ ಗದ್ದೆ, ಗದ್ದೆಯಲ್ಲಿ ಎಮ್ಮೆ, ಎಮ್ಮೆಯ ಹಿಂದೆ ಆಕಾಶಕ್ಕೆ ಏರಿದ ಕಲ್ಲು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಅದು ಅಪರೂಪ.

ನಮ್ಮವರು ಇಳಿದು ರಸ್ತೆಯ ಅಂಚಿನಲ್ಲಿ ನಿಂತರು. ಅವರಿಗೆ ಗುಡ್ಡ ಒಂದೇ ನೋಟಕ್ಕೆ ಸಿಗುವುದಿಲ್ಲ. ಗೋಡೆಗೆ ಸುಣ್ಣ ಬಳಿಯುವವರಂತೆ ಕತ್ತನ್ನು ಮೇಲಿನಿಂದ ಕೆಳಗೆ ಇಳಿಸಿ, ತುಸು ಪಕ್ಕಕ್ಕೆ ಸರಿದು, ಮತ್ತೆ ಮೇಲಿನಿಂದ ಕೆಳಗೆ ಇಳಿಸಿ, ಪಟ್ಟಿ ಪಟ್ಟಿಯಾಗಿ ನೋಡಿದರು. ಒಂದು ಗುಡ್ಡ ಮುಗಿಯಲು ಬಹಳ ಹೊತ್ತು ಹಿಡಿಯಿತು. ನಾನು ಅವಸರ ಮಾಡಲಿಲ್ಲ.

"ನಮ್ಮ ಕಲ್ಲು ಮಲ್ಕೊಂಡದ" ಎಂದರು ಕೊನೆಗೆ. "ಇದು ಎದ್ದು ನಿಂತದ. ವಯಸ್ಸಿನಾಗ ನಮ್ಮದೇ ದೊಡ್ಡದು ಮತ್ತ. ನಮ್ಮದು ಮುತ್ಯಾ, ಇದು ಮೊಮ್ಮಗ."

"ಅದಕ್ಕೇ ಮುತ್ಯಾ ಮಲ್ಕೊಂಡಾನ ಬಿಡ್ರಿ" ಎಂದೆ. ಅವರು ನಕ್ಕರು. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಅವರು ಹೀಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಥಾಲಾಂಗ್

ಘಾಟಿ ಹತ್ತಿದ ಮೇಲೆ ಒಂದು ದೊಡ್ಡ ಕೆರೆ. ಅಣೆಕಟ್ಟಿನ ಹಿನ್ನೀರಂತೆ. ಮುಳುಗಿದ ಕಾಡಿನ ಸತ್ತ ಮರಗಳು ಎಲೆಯಿಲ್ಲದೆ, ತೊಗಟೆಯಿಲ್ಲದೆ, ನೀರಿನಲ್ಲಿ ಸಾವಿರಾರು ನಿಂತಿವೆ. ಚಿಂಚೋಳಿಯ ಚಂದ್ರಂಪಳ್ಳಿ ಕೆರೆಯನ್ನೇ ದೊಡ್ಡದೆಂದು ತಿಳಿದಿದ್ದವಳು ನಾನು. ಇದರ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಚಂದವೋ, ಅಂಜಿಕೆಯೋ ಹೇಳಲು ಬಾರದು.

ಹಾಗೆ ನೋಡುತ್ತಲೇ ಹೋಗುವಾಗ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ನಿಂತಿತ್ತು. ಎಮ್ಮೆ ಸರಿಯುವುದಿಲ್ಲ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತು? ಕಾಲು ತನಗೆ ತಿಳಿದದ್ದನ್ನು ಮಾಡಿತು. ಎಡಗಾಲನ್ನು ಬಲವಾಗಿ ಒತ್ತಿ ಹಿಡಿದೆ. ಗಾಡಿ ಬಿಡುಬೀಸಾಗಿ ಜಾರಿತು. ಎಮ್ಮೆಯನ್ನು ತಪ್ಪಿಸಿ ರಸ್ತೆಯ ಪಕ್ಕದ ಕೆಸರಿನಲ್ಲಿ ಮೂವರೂ ಬಿದ್ದೆವು: ನಾನು, ನಮ್ಮವರು, ಗಾಡಿ. ಎಮ್ಮೆ ನಮ್ಮ ಕಡೆ ಒಮ್ಮೆ ನೋಡಿ ಮೆಲುಕು ಮುಂದುವರಿಸಿತು.

ನಾನು ಎದ್ದವಳೇ ಮೊದಲು ಅವರ ಕಣ್ಣು ನೋಡಿದೆ. ಕಣ್ಣಿಗೆ ಏನೂ ಆಗಿರಲಿಲ್ಲ. ಮೊಣಕೈ ಕಿತ್ತು ರಕ್ತ ಬಂದಿತ್ತು. "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಿದ್ದರು. ಕನ್ನಡಕಕ್ಕೆ ಕೆಸರು ಹತ್ತಿ ಅವರಿಗೆ ನಾನು ಯಾವ ಕಡೆ ಇದ್ದೇನೆಂಬುದೇ ತಿಳಿಯದೆ ಎಮ್ಮೆಗೆ ಹೇಳುತ್ತಿದ್ದರು. ನಗು ಬರಬೇಕಾದ ಹೊತ್ತು. ನನಗೆ ನಗು ಬರಲಿಲ್ಲ. ಬಂಡೆಗೆ ತಲೆ ಬಡಿದಿದ್ದರೆ? ನೋಡಲೆಂದು ಕರೆದುಕೊಂಡು ಬಂದು, ಇದ್ದ ನೋಟವನ್ನೂ ನಾನೇ ಕಳೆದಿದ್ದರೆ?

ಆ ರಾತ್ರಿ ಕೆರೆಯ ದಂಡೆಯ ಥಾಲಾಂಗ್ ಊರಿನಲ್ಲಿ ನಾವು ಇಳಿದುಕೊಂಡ ಮನೆಯ ಯಜಮಾನತಿಯನ್ನು ಎಲ್ಲರೂ ಮೇ ಖಾಮ್ ಎನ್ನುತ್ತಿದ್ದರು. ಮೇ ಎಂದರೆ ಅವ್ವ. ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದವಳಂತೆ, ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ನಾನು ಗಾಯ ತೊಳೆದು ಪಟ್ಟಿ ಕಟ್ಟಿದೆ. ಕಟ್ಟುತ್ತಲೇ ಅವಳಿಗೆ ಹೇಳಿದೆ, ಇನ್ನು ನನ್ನಿಂದಾಗದು, ಹಿಂದಕ್ಕೆ ಹೋಗುತ್ತೇವೆ ಎಂದು. ಬೆಳಿಗ್ಗೆ ತನ್ನ ತಮ್ಮನ ಪಿಕಪ್ ಥಾಖೆಕ್ಕಿಗೆ ಹೋಗುತ್ತದೆ, ಗಾಡಿ ಸಮೇತ ಕರೆದೊಯ್ಯುತ್ತಾನೆ ಎಂದಳು. ಹೊಳೆ ಹರಿಯುವ ಗುಹೆ ಇದ್ದದ್ದು ಎದುರು ದಿಕ್ಕಿಗೆ, ಬೆಟ್ಟದಾಚೆ. ಪಿಕಪ್ ಹತ್ತಿದರೆ ಅವರ ಹೊಳೆ ಅಲ್ಲಿಗೆ ಮುಗಿದಂತೆ. ನಮ್ಮವರು ಕನ್ನಡಕದ ಕೆಸರು ಒರೆಸುತ್ತ ಕೂತಿದ್ದರು. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು.

ಆಗ ಮೇ ಖಾಮ್ ಬಿಳಿ ನೂಲಿನ ಎಳೆಗಳನ್ನು ತಂದಳು. ಮನುಷ್ಯನ ದೇಹದಲ್ಲಿ ಮೂವತ್ತೆರಡು ಜೀವಗಳಿರುತ್ತವಂತೆ, ಒಂದೊಂದು ಅಂಗಕ್ಕೆ ಒಂದೊಂದು. ದೂರ ಹೋದಾಗಲೋ ಬಿದ್ದು ಬೆಚ್ಚಿದಾಗಲೋ ಅವುಗಳಲ್ಲಿ ಕೆಲವು ಹಿಂದೆ ಉಳಿದುಬಿಡುತ್ತವೆ. ಕರೆದು, ನೂಲು ಕಟ್ಟಿ ಕೂಡಿಸಬೇಕು. ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಬುದ್ಧ ಇದ್ದಾನೆ. ತಾಯತ, ದಾರ, ದೃಷ್ಟಿ ಎಲ್ಲವನ್ನೂ ನಮ್ಮ ಅಪ್ಪನ ಕಾಲಕ್ಕೇ ಬಿಟ್ಟಿದ್ದೇವೆ. ಇಲ್ಲಿ ನೋಡಿದರೆ ಬುದ್ಧನನ್ನು ಪೂಜಿಸುವವಳೇ ದಾರ ಹಿಡಿದು ಕೂತಿದ್ದಾಳೆ! ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಹೇಳತೊಡಗಿದಳು. ರಾಗ ಬೇರೆ, ಉಚ್ಚಾರ ಬೇರೆ. ಆದರೂ ಅದು ತ್ರಿಶರಣವೇ, ಬುದ್ಧಂ ಶರಣಂ ಗಚ್ಛಾಮಿ. ಚಿತ್ತಾಪುರದಲ್ಲಿ ನಮ್ಮವ್ವ ಹೇಳಿಕೊಟ್ಟದ್ದು. ನಮ್ಮವರು ಮೆಲ್ಲಗೆ ದನಿಗೂಡಿಸಿದರು, ನಾನೂ ಸೇರಿಸಿದೆ. ಅವಳು ಕಣ್ಣು ತೆರೆದು ನಮ್ಮನ್ನು ನೋಡಿದ ನೋಟವನ್ನು ಮರೆಯಲಾರೆ. ಇಷ್ಟು ದೂರ ಬಂದು, ಯಾರದೋ ಮನೆಯ ಚಾಪೆಯ ಮೇಲೆ ಮನೆಯ ಮಾತು ಸಿಕ್ಕಿತು.

ಕೈಗೆ ಕಟ್ಟಿಸಿಕೊಂಡ ಮೇಲೆ ನಾನು ಎಡಗಾಲನ್ನೂ ಮುಂದೆ ಚಾಚಿದೆ, ಜೀವ ಹಿಂದೆ ಉಳಿದದ್ದು ಇದಕ್ಕೇ ಎಂದು. ಅವಳು ನಗುತ್ತ ನನ್ನ ಮೊಣಕಾಲಿಗೆ ಒಂದು ಏಟು ಹಾಕಿದಳು. ಅವರಲ್ಲಿ ಕಾಲು ಕೀಳಂತೆ, ಯಾರ ಕಡೆಯೂ ಚಾಚಬಾರದಂತೆ. ಕೈಗೆ ಕಟ್ಟಿದರೆ ಜೀವ ತಾನೇ ಇಳಿದು ಕಾಲಿಗೆ ಹೋಗುತ್ತದೆ ಎಂದಳು.

ನಾ ಹಿನ್ ಇಳಿಜಾರು

ಬೆಳಿಗ್ಗೆ ಪಿಕಪ್ ಬಂದು ನಿಂತಿತು. ನಮ್ಮವರು ನನ್ನ ಹತ್ತಿರ ಬಂದರು.

"ಗಣ್ಯಾಗ ಡಂಪರ್ ರಿವರ್ಸ್ ಬರೂವಾಗ ಯಾರು ದಾರಿ ತೋರಸ್ತಿದ್ರು?"

"ನೀವು."

"ಡ್ರೈವರ್ ಹಿಂದ ನೋಡ್ತಿದ್ನೇನು?"

"ಇಲ್ಲ."

"ನೀನೂ ಕಾಲು ನೋಡಬ್ಯಾಡ. ಸೀದಾ ಎದುರಿಗಿಂದು ನನಗ ನಿನಗಿಂತ ಚೊಲೊ ಕಾಣತದ. ಬ್ರೇಕ್ ಬೇಕಾದಲ್ಲಿ ನಿನ್ನ ಬಲಗಡಿ ತೊಡಿ ಮ್ಯಾಲ ಬಡೀತೀನಿ. ಬಡದ ಕಾಲು ಒತ್ತು. ಮುಗೀತು."

"ಮತ್ತ ಬಿದ್ರ?"

"ಬಿದ್ರ ಎಮ್ಮಿ ಮುಂದ ಬೀಳೋದು ಬ್ಯಾಡ. ಮಾನ ಹೋಗತದ."

ಪಿಕಪ್ಪಿನವನು ತನ್ನ ಪಾಡಿಗೆ ಹೋದ. ಮೇ ಖಾಮಳ ಅಂಗಳದಲ್ಲಿ ನಾವು ಸುತ್ತು ಹಾಕಿದೆವು. ಕೋಳಿಗಳು ಮನೆಯೊಳಗೆ ಓಡಿದವು. ನಮ್ಮವರು ಬಡಿದಾಗ ಬಲಗಾಲು ಒತ್ತುವುದು, ಇಷ್ಟೇ ಪಾಠ. ಮೊದಮೊದಲು ಬಡಿದಾಗ ಎರಡೂ ಕಾಲು ಒತ್ತುತ್ತಿದ್ದೆ. ಎಡಗಾಲಿಗೆ ಮಾಡಲು ಬೇರೆ ಕೆಲಸ ಕೊಟ್ಟರೆ ಸುಮ್ಮನಿರುತ್ತದೆಂದು ಅವರೇ ಉಪಾಯ ಹೇಳಿದರು. ಬಡಿದಾಗ ಬಲಗಾಲು ಬ್ರೇಕು, ಅದರ ಬೆನ್ನಿಗೇ ಎಡ ಹಿಮ್ಮಡಿಯಿಂದ ಒಂದು ಗೇರು ಕೆಳಗೆ. ಕುಟ್ಟುವ, ಕೇರುವ ಕೆಲಸದ ಹಾಗೆ ಅದಕ್ಕೊಂದು ಲಯ ಬಂತು.

ಬೆಟ್ಟದಿಂದ ನಾ ಹಿನ್ ಊರಿಗೆ ಇಳಿಯುವ ದಾರಿ ಹಾವಿನಂತೆ ಹೊರಳುತ್ತದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಏನೂ ಇಲ್ಲ, ಬರೀ ಮಂಜು. ಮೊದಲ ತಿರುವು ಬಂತು. ತೊಡೆಯ ಮೇಲೆ ಏಟು ಬಿತ್ತು, ಬಲಗಾಲು ಹೋಯಿತು, ಹಿಮ್ಮಡಿ ಒತ್ತಿತು, ಇಂಜಿನ್ ಗುಂಯ್ ಎಂದು ಗಾಡಿಯನ್ನು ಹಿಡಿದುಕೊಂಡಿತು. ಮುಂದಿನ ತಿರುವು, ಮತ್ತೆ ಏಟು. ಒಬ್ಬರ ಕಣ್ಣು, ಒಬ್ಬರ ಕಾಲು, ಇಬ್ಬರೂ ಸೇರಿ ಒಬ್ಬ ಸವಾರ. ಮಂಜು ಸರಿದಾಗ ದೂರದಲ್ಲಿ ಕಲ್ಲಿನ ಕೋಡುಗಳು ಕಾಣುತ್ತಿದ್ದವು, ಮತ್ತೆ ಮುಚ್ಚಿಕೊಳ್ಳುತ್ತಿದ್ದವು.

ಕೆಳಗೆ ಇಳಿದು ಗದ್ದೆಗಳ ನಡುವೆ ಗಾಡಿ ನಿಲ್ಲಿಸಿ, "ಏನ್ರೀ, ತೊಡಿ ಹಣ್ಣಾಗ್ಯಾದ" ಎಂದೆ.

"ಹಂಗಂತೀ? ನಾ ಕೈ ಬಿಟ್ಟು ಅರ್ಧ ಘಾಟಿ ಆತು. ಗುಡ್ಡ ನೋಡಲಿಕತ್ತಿದ್ದೆ."

ನಾನು ಕಾಲುಗಳನ್ನು ನೋಡಿಕೊಂಡೆ. ಅರ್ಧ ಘಾಟಿಯನ್ನು ಅವು ನನಗೆ ಹೇಳದೆ ಇಳಿದಿದ್ದವು. ವರ್ಷಗಟ್ಟಲೆ ಒಂದೇ ಪಾಠ ಕಲಿತ ಕಾಲು ಇನ್ನೊಂದನ್ನು ಕಲಿತೀತು ಎಂಬ ನಂಬಿಕೆ ನನಗೇ ಇರಲಿಲ್ಲ.

ಕಾಂಗ್ ಲೋರ್

ಕಾಂಗ್ ಲೋರ್ ಗುಹೆಯ ಬಾಯಿಯ ಮುಂದೆ ನಿಂತಾಗ ನನಗೆ ಹೊಸ ಅಂಜಿಕೆ ಹುಟ್ಟಿತು. ಹಗಲಲ್ಲಿ ಇಷ್ಟಗಲ, ಕತ್ತಲಲ್ಲಿ ಏನೂ ಕಾಣದ ಮನುಷ್ಯನನ್ನು ಇಷ್ಟು ದೂರ ಕರೆತಂದು ಕತ್ತಲೆಯ ಗುಹೆಗೆ ತಳ್ಳುತ್ತಿದ್ದೇನಲ್ಲ! ಮನೆಯಲ್ಲಿದ್ದಾಗ ಇದು ಯಾಕೆ ಹೊಳೆಯಲಿಲ್ಲ? ಅವರ ಮುಖದಲ್ಲಿ ಮಾತ್ರ ಹಬ್ಬ. ಅದನ್ನು ನೋಡಿ ದೋಣಿಯ ಕಡೆ ನಡೆದೆ.

ಉದ್ದನೆಯ ಕಿರಿದಾದ ದೋಣಿ. ಹಣೆಗೆ ಕಟ್ಟಿಕೊಳ್ಳಲು ದೀಪ ಕೊಟ್ಟರು. ದೋಣಿಯವನು ಮೋಟರು ಹಚ್ಚಿದ, ಹೊಳೆ ನಮ್ಮನ್ನು ಗುಡ್ಡದ ಹೊಟ್ಟೆಯೊಳಗೆ ಒಯ್ದಿತು. ಹಿಂದಿನ ಬೆಳಕು ಗೋಲಿಯಷ್ಟಾಯಿತು, ಆಮೇಲೆ ಹೋಯಿತು.

ಕತ್ತಲೆಂದರೆ ಅದು. ಚಾವಣಿ ಎಲ್ಲಿದೆಯೋ ತಿಳಿಯದು. ದೀಪ ಮೇಲಕ್ಕೆತ್ತಿದರೆ ಬೆಳಕು ಹೋಗುತ್ತ ಹೋಗುತ್ತ ಸೋತು ನಿಲ್ಲುತ್ತದೆ. ಎದುರಿಗೆ ಒಂದು ತಟ್ಟೆಯಷ್ಟು ಬೆಳಕು, ಅದರಲ್ಲಿ ಒದ್ದೆ ಕಲ್ಲಿನ ಒಂದು ತುಣುಕು. ಪಕ್ಕದ್ದು ನೋಡಬೇಕೆಂದರೆ ಇಡೀ ತಲೆ ತಿರುಗಿಸಬೇಕು. ಅಷ್ಟರಲ್ಲಿ ಮೊದಲಿನದು ಹೋಯಿತು. ಮೇಲಿನಿಂದ ಕೆಳಗೆ, ತುಸು ಪಕ್ಕಕ್ಕೆ, ಮತ್ತೆ ಮೇಲಿನಿಂದ ಕೆಳಗೆ. ಪಟ್ಟಿ ಪಟ್ಟಿಯಾಗಿ ನೋಡುತ್ತಿದ್ದೇನೆಂದು ಆಗ ಅರಿವಾಯಿತು. ಹೀಗೇನು ಇವರಿಗೆ? ದಿನಾ ಹೀಗೇ ಏನು? ಒಂದೇ ಮನೆಯಲ್ಲಿದ್ದು, ಒಂದೇ ತಾಟಿನಲ್ಲಿ ಉಂಡು, ನನಗೆ ತಿಳಿದಿರಲಿಲ್ಲ.

ನಡುವೆ ಒಂದು ಕಡೆ ನೀರು ಕಡಿಮೆಯಾಗಿ ದೋಣಿ ಕಲ್ಲಿಗೆ ತಾಗಿತು. ಇಳಿದು ನಡೆಯಬೇಕೆಂದು ದೋಣಿಯವನು ಸನ್ನೆ ಮಾಡಿದ. ನೀರಿಗೆ ಕಾಲಿಟ್ಟೆ, ಕಾಲಡಿಯ ಕಲ್ಲು ಜಾರಿತು, ಹೆಜ್ಜೆ ಕಿತ್ತಿಡಲು ಧೈರ್ಯವಾಗಲಿಲ್ಲ. ದೀಪವನ್ನು ಕೆಳಗೆ ಬಾಗಿಸಿ ನೀರಿನಲ್ಲಿ ನೆಲ ಹುಡುಕುತ್ತ ಕಂಬದಂತೆ ನಿಂತೆ.

"ಕಣ್ಣಿಲೆ ಹುಡುಕೋದು ಬಿಡು" ಎಂದಿತು ನಮ್ಮವರ ದನಿ. "ಪಾದ ಊರಿ ನೋಡು, ಗಟ್ಟಿ ಅದ ಅಂದ್ರ ಮೈ ಭಾರ ಕೊಡು. ನನ್ನ ಹೆಗಲ ಹಿಡಿ."

ಹಿಡಿದೆ. ಅವರು ಅಂಗಳದಲ್ಲಿ ನಡೆದಂತೆ ನಡೆದರು. ಈ ವಿದ್ಯೆಯನ್ನು ಅವರು ಮನೆಯಲ್ಲಿ, ಸಂಜೆಯ ಹೊತ್ತು, ನಾನು ಲಕ್ಷ್ಯಗೊಡದಾಗ ಕಲಿತಿದ್ದರು. ಒಂದು ಕಡೆ ನಿಂತು ಗೋಡೆಗೆ ಅಂಗೈ ಒತ್ತಿ, ನನ್ನ ಕೈಯನ್ನೂ ಎಳೆದು ಒತ್ತಿಸಿದರು. ತಣ್ಣಗೆ, ನುಣ್ಣಗೆ, ಒದ್ದೆಯಾಗಿತ್ತು. ಹೊಳೆ ಅದನ್ನು ಎಷ್ಟು ಕಾಲದಿಂದ ಸವರುತ್ತಿದೆಯೋ! ಎಲ್ಲೋ ಮೇಲಿನಿಂದ ಒಂದು ಹನಿ ಬಿತ್ತು, ಅದರ ಸದ್ದು ಬಹಳ ದೂರ ಹೋಗಿ ಬಂತು. ಇಬ್ಬರೂ ಬಹಳ ಹೊತ್ತು ಹಾಗೇ ನಿಂತೆವು. ದೋಣಿಯವನು ಕಾದ. ಆ ದೇಶದಲ್ಲಿ ಯಾರಿಗೂ ಅವಸರವಿಲ್ಲ.

ಆಚೆಯ ಬಾಯಿಂದ ಹೊರಬಿದ್ದಾಗ ಹಸಿರು ಕಣ್ಣಿಗೆ ಹೊಡೆಯಿತು. ಅದೇ ದಾರಿಯಲ್ಲಿ ವಾಪಸು ಬಂದು ಗಾಡಿಯ ಹತ್ತಿರ ಕೂತೆವು. ನಮ್ಮವರು ಒದ್ದೆ ಪಾದಗಳನ್ನು ಬಿಸಿಲಿಗೆ ಹಿಡಿದಿದ್ದರು.

"ಏನ್ರೀ, ನೋಡೋದು ಆತಲ್ಲ?" ಎಂದೆ. ಕೇಳಲು ಅಂಜಿಕೆಯೇ ಇತ್ತು.

"ಆತು. ಇನ್ನೊಮ್ಮೆ ಬರೋಣು."

"ಯಾವಾಗ?"

"ಕಣ್ಣು ಪೂರಾ ಹೋದ ಮ್ಯಾಲ."

ನಾನು ಅವರ ಕಡೆ ತಿರುಗಿದೆ.

"ಖರೇನ ಹೇಳಲಿಕತ್ತೀನಿ" ಎಂದರು. "ಒಳಗ ಹೊಳಿ ಎಲ್ಲಿ ಹೊಳ್ಳತದ, ಮಾಳಿಗಿ ಎಲ್ಲಿ ಮ್ಯಾಲ ಹೋಗತದ, ಎಲ್ಲಾ ಸಪ್ಪಳದಾಗೇ ತಿಳೀತದ. ಕಲ್ಲು ಕೈಗೆ ಸಿಗತದ. ಅಲ್ಲಿ ಕಣ್ಣಿಂದು ಏನೂ ಕೆಲಸಿಲ್ಲ. ಇಲ್ಲಿ ಮಟಾ ಕರ್ಕೊಂಡು ಬರೋರು ಒಬ್ಬರು ಇದ್ರ ಸಾಕು."

ಡಾಕ್ಟರ ಮಾತು ಕೇಳಿದ ದಿನದಿಂದ ನಾನು ಇವರಿಗೆ ಕೊನೆಯ ಸಲ ಎಲ್ಲ ತೋರಿಸಿ ಮುಗಿಸಬೇಕೆಂಬ ಅವಸರದಲ್ಲಿದ್ದೆ. ಇವರು ನೋಡಿದರೆ ಅದರ ಮುಂದಿನ ಪ್ರವಾಸದ ಯೋಚನೆಯಲ್ಲಿದ್ದಾರೆ. ಅಳು ಬಂತು, ತಡೆಯಲಿಲ್ಲ. ಸೆರಗು ಇರಲಿಲ್ಲ, ತೋಳಿಗೇ ಮೂಗು ಒರೆಸಿಕೊಂಡೆ.

"ಆಗಿಂದ ಆಗ ನೋಡೋಣು" ಎಂದೆ. "ಅಷ್ಟೊತ್ತಿಗಿ ಈ ಮಂದಿ ಗೇರ್ ಒಯ್ದು ಎಲ್ಲಿ ಇಟ್ಟಿರತಾರೋ. ಕಿವಿಗೆ ಇಟ್ಟಿದ್ರ ಏನು ಮಾಡ್ಲಿ?"

"ಕಿವಿಲೇ ಹಾಕು" ಎಂದರು ನಮ್ಮವರು.

"ಹಾಕ್ತೀನಿ. ಏಳ್ರಿ, ಕತ್ತಲಾಗೋದರೊಳಗ ಊರು ಮುಟ್ಟಬೇಕು" ಎಂದು ಗಾಡಿಗೆ ಕಿಕ್ ಹೊಡೆದೆ.